ಭೂದೇವಿ ಓದದೆ ಬಿಟ್ಟ ಹೆಸರು

ಭೂದೇವಿಗೆ ನೌಕರಿ ಸಿಕ್ಕ ದಿನ ಮನೆಯವರೆಲ್ಲ ಸಕ್ಕರೆ ಬಾಯಿಗೆ ಹಾಕಿಕೊಂಡರು. ಅತ್ತೆ ಬಂಡಮ್ಮ ಸೊಸೆಯ ಬಾಯಿಗೂ ಒಂದು ಚಿಟಿಕೆ ಹಾಕಿದಳು. ಅದು ಬಹಳ ಹೊತ್ತು ಕರಗಲಿಲ್ಲ. ಅವಳ ಬಾಯಿ ಅಷ್ಟು ಒಣಗಿತ್ತು. ಗಂಡ ತುಳಸಿರಾಮ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಸುದ್ದಿ ಹಂಚಿ ಬಂದ. ತಾಂಡೂರಿನ ಹತ್ತಿರದ ಸಿಮೆಂಟ್ ಕಾರ್ಖಾನೆಗೆ ಹೊಸದಾಗಿ ಬಂದ ಕಂಪ್ಯೂಟರನ್ನು ನಡೆಸುವವಳು ತನ್ನ ಹೆಂಡತಿ ಎಂದು ಹೇಳುವಾಗ ಅವನ ಕುತ್ತಿಗೆ ಸ್ವಲ್ಪ ಉದ್ದವಾಗುತ್ತಿತ್ತು. ಆಗ ಇನ್ನೂ ಎಂಬತ್ತರ ದಶಕದ ನಡುಭಾಗ. ಆ ಓಣಿಯಲ್ಲಿ ಕಂಪ್ಯೂಟರನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಆದ್ದರಿಂದ ಅದರ ಬಗ್ಗೆ ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಭೂದೇವಿ ಮಾತ್ರ ಒಲೆಯ ಮುಂದೆ ಕೂತು, ತಾನು ಸಿಕ್ಕಿಬೀಳಲು ಎಷ್ಟು ದಿನ ಹಿಡಿಯಬಹುದು ಎಂದು ಯೋಚಿಸುತ್ತಿದ್ದಳು.

ಸಿಕ್ಕಿಬೀಳಲು ಅವಳೇನೂ ಕದ್ದಿರಲಿಲ್ಲ. ಅವಳಿಗೆ ಬರುತ್ತಿದ್ದುದು ಕಡಿಮೆ, ಅಷ್ಟೇ. ಮದುವೆಗೆ ಮುಂಚೆ ಜಹೀರಾಬಾದಿನಲ್ಲಿ ಚಿಕ್ಕವ್ವನ ಮನೆಯಲ್ಲಿದ್ದಾಗ ಮರೆಪ್ಪ ಮಾಸ್ತರರ ಟೈಪಿಂಗ್ ಶಾಲೆಗೆ ಹೋಗುತ್ತಿದ್ದಳು. ಟೈರ್ ಅಂಗಡಿಯ ಮೇಲಿನ ಆ ಕೋಣೆಗೆ ಮಾಸ್ತರರು ಒಂದು ದಿನ ಹೊಸ ಬೋರ್ಡು ಹಾಕಿಸಿದರು: ಕಂಪ್ಯೂಟರ್ ಪರಿಚಯ, ಭಾಗ ಒಂದು, ಕಂಪ್ಯೂಟರ್ ಪರಿಚಯ, ಭಾಗ ಎರಡು. ಮೂರನೆಯ ಭಾಗ ಮಾಸ್ತರರಿಗೂ ಗೊತ್ತಿರಲಿಲ್ಲ. ಹೈದರಾಬಾದಿನಿಂದ ಬಾಡಿಗೆಗೆ ತಂದ ಒಂದೇ ಮಿಷನ್. ಕಲಿಯುವವರು ಕೋಣೆ ತುಂಬ. ಕರೆಂಟು ಇದ್ದಾಗ ಸರದಿ ಬರುತ್ತಿರಲಿಲ್ಲ, ಸರದಿ ಬಂದಾಗ ಕರೆಂಟು ಇರುತ್ತಿರಲಿಲ್ಲ. ಹಾಗಾಗಿ ಎಲ್ಲರೂ ರಟ್ಟಿನ ಮೇಲೆ ಕೀಲಿಗಳ ಚಿತ್ರ ಬರೆದುಕೊಂಡು, ಅದನ್ನೇ ಒತ್ತಿ ಒತ್ತಿ ಬೆರಳು ಪಳಗಿಸಿಕೊಂಡರು.

ಮಿಷನ್ ಇಲ್ಲದ ಹೊತ್ತಿನಲ್ಲಿ ಮರೆಪ್ಪ ಮಾಸ್ತರರೇ ಮಿಷನ್ ಆಗುತ್ತಿದ್ದರು. ಕಲಿಯುವವರು ಹಲಗೆಯ ಮೇಲೆ ಸಾಲುಸಾಲಾಗಿ ಅಪ್ಪಣೆ ಬರೆಯಬೇಕು, ಅವರು ಅದನ್ನು ಓದಿ ಅಕ್ಷರಶಃ ಹಾಗೆಯೇ ಮಾಡಬೇಕು. 'ಮುಂದೆ ನಡೆ' ಎಂದು ಬರೆದು 'ನಿಲ್ಲು' ಎಂದು ಬರೆಯುವುದನ್ನು ಮರೆತರೆ ಹೋಗಿ ಗೋಡೆಗೆ ಹಣೆ ತಾಗಿಸಿ ನಿಲ್ಲುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಆಮೇಲೆ ಅವರು ತಿರುಗಿ ಹೇಳುತ್ತಿದ್ದ ಮಾತು ಒಂದೇ.

“ಇದಕ್ಕ ಏನೂ ಗೊತ್ತಿಲ್ರೆಪ್ಪ. ನಾವು ಹೇಳಿದ್ದಷ್ಟೇ ಗೊತ್ತು. ನಾವು ಹೇಳದೆ ಬಿಟ್ಟಿದ್ದು ಇದರ ಪಾಲಿಗಿ ಹುಟ್ಟೇ ಇಲ್ಲ.”

ಇಷ್ಟೇ ಅವಳ ವಿದ್ಯೆ. ಎರಡು ಭಾಗ ಮುಗಿಯುವಷ್ಟರಲ್ಲಿ ಬಾಡಿಗೆಯವರು ಬಂದು ಮಿಷನ್ ಹೊತ್ತುಕೊಂಡು ಹೋದರು, ಅವಳಿಗೆ ಮದುವೆಯಾಯಿತು. ಗಂಡ ಅದೇ ಕಾರ್ಖಾನೆಯಲ್ಲಿ ಸಿಮೆಂಟ್ ಚೀಲ ತುಂಬುವ ಪ್ಯಾಕಿಂಗ್ ವಿಭಾಗದ ಕೂಲಿ. ಕಂಪ್ಯೂಟರ್ ವಿಭಾಗಕ್ಕೆ ಜನ ಬೇಕಂತೆ ಎಂದು ಕಿವಿಗೆ ಬಿದ್ದಿದ್ದೇ ತಡ, ಅವನು ತನ್ನ ಮೇಸ್ತ್ರಿಗೆ ಹೇಳಿದ, ಮೇಸ್ತ್ರಿ ಗುಮಾಸ್ತನಿಗೆ ಹೇಳಿದ, ಗುಮಾಸ್ತ ಸಾಹೇಬರಿಗೆ ಹೇಳಿದ. ಪ್ಯಾಕಿಂಗ್ ವಿಭಾಗದಲ್ಲಿ ಎರಡು ಭಾಗವಾಗಿದ್ದ ಕೋರ್ಸು ಆಫೀಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಎರಡು ವರ್ಷವಾಗಿತ್ತು. ಸುಳ್ಳು ಹೇಳಿದವರು ಯಾರು ಎಂದು ಹುಡುಕಿದರೆ ಯಾರೂ ಸಿಗುವುದಿಲ್ಲ. ಸುದ್ದಿ ತಾನೇ ಬೆಳೆದಿತ್ತು.

ಸಂದರ್ಶನ ಮಾಡಿದವರು ಧರ್ಮಣ್ಣ ಸಾಹೇಬರು. ಲೆಕ್ಕಪತ್ರ ವಿಭಾಗದಲ್ಲಿ ತಲೆ ನರೆತು, ಈಗ ಹೊಸ ಕಂಪ್ಯೂಟರ್ ಕೋಣೆಗೆ ಮುಖ್ಯಸ್ಥರಾಗಿ ಕೂತವರು. ನಗು ಅವರಿಗೆ ಒಗ್ಗುತ್ತಿರಲಿಲ್ಲ.

“ಎರಡು ವರ್ಷ ಕಲ್ತೀ ಅಂತಲ್ಲ. ಖರೇನು?” ಎಂದು ಕೇಳಿದರು.

ಭೂದೇವಿ 'ಎರಡು ವರ್ಷ ಅಲ್ರಿ' ಎನ್ನಲು ಬಾಯಿ ತೆರೆದಳು. ಆಗ ಅವಳ ಕಣ್ಣ ಮುಂದೆ ಬಂದದ್ದು ಅವಳ ತಾಯಿ ಪೋಚಮ್ಮನ ಬಲಗೈ. ಪೋಚಮ್ಮ ನಾರಾಯಣಖೇಡದ ಕಡೆಯಿಂದ ಕೂಲಿಗೆಂದು ತಾಂಡೂರಿಗೆ ಬಂದವಳು. ಇಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಕಲ್ಲು ಹೊತ್ತು ಒಟ್ಟುವ ಕೆಲಸ. ಒಮ್ಮೆ ಎರಡು ಕಲ್ಲುಗಳ ನಡುವೆ ಕೈ ಸಿಕ್ಕಿ, ಎರಡು ಬೆರಳು ತುದಿಯಿಲ್ಲದೆ ಉಳಿದವು. ಭೂದೇವಿಯೂ ಮದುವೆಯಾದ ಮೇಲೆ ಅಲ್ಲಿಗೇ ಕಲ್ಲು ಒಟ್ಟಲು ಹೋಗುತ್ತಿದ್ದಳು. ಪ್ರತಿ ಸಲ ಕಲ್ಲಿನ ಮೇಲೆ ಕಲ್ಲು ಇಳಿಸುವಾಗ ಅವಳು ಉಸಿರು ಹಿಡಿಯುತ್ತಿದ್ದಳು. ಈ ಕುರ್ಚಿ ತಪ್ಪಿದರೆ ನಾಳೆ ಮತ್ತೆ ಅದೇ ಕಲ್ಲು. ತೆರೆದ ಬಾಯಿ ಮುಚ್ಚಿಕೊಂಡಿತು, ತಲೆ ತಾನಾಗಿ ಹೌದೆಂಬಂತೆ ಅಲ್ಲಾಡಿತು.

“ಆತು. ಚಾಲೂ ಮಾಡಿ ತೋರಿಸು,” ಎಂದರು ಸಾಹೇಬರು.

ಅದಷ್ಟು ಅವಳಿಗೆ ಬರುತ್ತಿತ್ತು. ಡಿಸ್ಕ್ ಒಳಗೆ ಹಾಕಿ, ಸಣ್ಣ ಚಿಲಕ ತಿರುಗಿಸಿ, ಸ್ವಿಚ್ ಒತ್ತಿದಳು. ಪರದೆಯ ಮೇಲೆ ಹಸಿರು ಅಕ್ಷರ ಮೂಡಿತು. ಧರ್ಮಣ್ಣ ಸಾಹೇಬರು ಪರದೆಗಿಂತ ಹೆಚ್ಚಾಗಿ ಅವಳ ಕೈಗಳನ್ನೇ ನೋಡುತ್ತಿದ್ದುದು ಅವಳಿಗೆ ಆ ಗಾಬರಿಯಲ್ಲೂ ಕಂಡಿತು. ಮೂರು ತಿಂಗಳು ಪರೀಕ್ಷೆಯ ಕಾಲ, ಅಷ್ಟರೊಳಗೆ ತಪ್ಪು ಮಾಡಿದರೆ ಮನೆಗೆ, ಎಂದು ಹೇಳಿ ಅವಳನ್ನು ಕಳಿಸಿಕೊಟ್ಟರು.

ಕಂಪ್ಯೂಟರ್ ಕೋಣೆಗೆ ಚಪ್ಪಲಿ ಬಿಟ್ಟು ಹೋಗಬೇಕಿತ್ತು, ಗುಡಿಗೆ ಹೋದ ಹಾಗೆ. ಹೊರಗೆ ಸಿಮೆಂಟಿನ ಧೂಳು ಮರಗಿಡಗಳನ್ನೆಲ್ಲ ಬೂದಿ ಮಾಡಿದ್ದರೆ ಒಳಗೆ ಗಾಜಿನ ಗೋಡೆ, ಏಸಿಯ ಚಳಿ. ತಾಂಡೂರಿನ ಬೇಸಿಗೆಯಲ್ಲಿ ಚಳಿಗೆ ನಡುಗಿದ ಮೊದಲ ಹೆಂಗಸು ಅವಳೇ ಇರಬೇಕು. ಚಳಿಯದು ಎಷ್ಟು, ಹೆದರಿಕೆಯದು ಎಷ್ಟು ಎಂದು ಅವಳಿಗೇ ಗೊತ್ತಾಗುತ್ತಿರಲಿಲ್ಲ. ಮೊದಲ ದಿನವೇ ಎಡವಟ್ಟಾಯಿತು. ರಟ್ಟಿನ ಮೇಲೆ ಕಲಿತ ಬೆರಳು ಕೀಲಿಯನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಿತ್ತು. ರಟ್ಟು ಏನೂ ಅನ್ನುತ್ತಿರಲಿಲ್ಲ. ಇಲ್ಲಿ ಒತ್ತಿ ಹಿಡಿದರೆ ಒಂದು ಅಕ್ಷರದ ಜಾಗದಲ್ಲಿ ಸಾಲಿಗೆ ಸಾಲು ಅದೇ ಅಕ್ಷರ ಹರಿದುಬಂತು. ಅವಳು ಕೈ ಎತ್ತಿ ಕುರ್ಚಿಯ ಸಮೇತ ಹಿಂದಕ್ಕೆ ಸರಿದಳು.

ಪಕ್ಕದ ಕುರ್ಚಿಯಲ್ಲಿದ್ದವನು ಬಾಲರಾಜ. ಅವಳ ವಯಸ್ಸಿನವನೇ, ಟೈಪಿಸ್ಟ್ ಕೆಲಸದಿಂದ ಇಲ್ಲಿಗೆ ಬಂದವನು. ಅವನೂ ಪರೀಕ್ಷೆಯ ಕಾಲದಲ್ಲೇ ಇದ್ದ. ಅವನು ನಗಲಿಲ್ಲ. ಕೈ ಚಾಚಿ ಅಳಿಸುವ ಕೀಲಿ ಒತ್ತಿ, ಸಾಲುಗಳನ್ನೆಲ್ಲ ಅಳಿಸಿಬಿಟ್ಟ.

“ಬಿಸಿ ಹಂಚು ಮುಟ್ಟಿದಂಗ ಮುಟ್ರಿ ಅಕ್ಕಾ. ಮುಟ್ಟಿ ಬಿಟ್ಬಿಡ್ರಿ,” ಎಂದ ಮೆಲ್ಲಗೆ.

ಆ ಉಪಕಾರವನ್ನು ಅವಳು ಮರೆಯಲಿಲ್ಲ. ಮುಂದೆ ನಡೆದದ್ದು ಅವಳನ್ನು ಅಷ್ಟು ಚುಚ್ಚಿದ್ದು ಅದಕ್ಕೇ.

ಅವರಿಬ್ಬರ ಕೆಲಸ ಇಷ್ಟೇ. ಕಾರ್ಖಾನೆಯ ಕೆಲಸಗಾರರ ಹೆಸರುಗಳನ್ನೆಲ್ಲ ಹಳೆಯ ರಜಿಸ್ಟರಿನಿಂದ ಮಿಷನ್ನಿಗೆ ಏರಿಸಬೇಕು. ಮುಂದಿನ ತಿಂಗಳಿನಿಂದ ಮಿಷನ್ನೇ ಎಲ್ಲರ ಹಾಜರಿ ಕಾರ್ಡು ಅಚ್ಚು ಹಾಕುತ್ತದೆ. ಕಾರ್ಡು ಇದ್ದವನಿಗೆ ಗೇಟು ತೆರೆಯುತ್ತದೆ. ಕಣ್ಣಿನಿಂದ ನೋಡಿ ಬೆರಳಿನಿಂದ ಒತ್ತಿದರೆ ಸಾಲು ತಪ್ಪುತ್ತದೆಂದು ಧರ್ಮಣ್ಣ ಸಾಹೇಬರು ಒಂದು ಪದ್ಧತಿ ಮಾಡಿದ್ದರು. ಒಬ್ಬರು ರಜಿಸ್ಟರ್ ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಕೇಳಿ ಒತ್ತಬೇಕು. ಆಮೇಲೆ ಒತ್ತಿದವರು ಪರದೆ ನೋಡಿ ಓದಬೇಕು, ರಜಿಸ್ಟರ್ ಹಿಡಿದವರು ಹೆಸರಿಗೊಂದು ಗೀಟು ಹಾಕಬೇಕು. ಲೆಕ್ಕಪತ್ರದವರ ಬುದ್ಧಿ ಅದು, ಚೆನ್ನಾಗಿಯೇ ನಡೆಯುತ್ತಿತ್ತು.

ಅದು ಎಲ್ಲಿ ಮುಗ್ಗರಿಸುತ್ತದೆ ಎಂದು ಹೊಳೆಯಬೇಕಾದರೆ ಆ ಕಡೆಯ ಹೆಂಗಸರ ಬಾಯಿಯ ಬಗ್ಗೆ ಗೊತ್ತಿರಬೇಕು. ಅಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ಮಾವನ ಹೆಸರನ್ನೂ ಹೇಳುವುದಿಲ್ಲ. ಹೇಳಿದರೆ ಹೆಸರಿನವರ ಆಯುಷ್ಯ ಸವೆಯುತ್ತದೆ ಎಂಬ ಮಾತನ್ನು ಅವರು ಎದೆಹಾಲಿನ ಜೊತೆಗೇ ಕುಡಿದಿರುತ್ತಾರೆ. ಭೂದೇವಿ ತುಳಸಿರಾಮನ ಹೆಂಡತಿಯಾದ ದಿನದಿಂದ ಅಂಗಳದ ತುಳಸಿಯನ್ನು ಸಹ 'ಕಟ್ಟೆಯ ಗಿಡ' ಎನ್ನುತ್ತಿದ್ದಳು. ಬಂಡಮ್ಮನದು ಇನ್ನೂ ಬಿಗಿ. ಅವಳ ಗಂಡನ ಹೆಸರು ವಿಠೋಬಾ. ಆತ ಕಲ್ಲಿನ ಖಣಿಯಲ್ಲಿ ಸತ್ತು ಎಷ್ಟೋ ವರ್ಷವಾಗಿತ್ತು. ಮಗ ಆಗ ಕೂಸು. ಆದರೂ ಅವಳು ಆಷಾಢದಲ್ಲಿ ದೇವರಿಗೆ ಕೈ ಮುಗಿಯುವಾಗ 'ಪಂಢರಪುರದವನೇ' ಎನ್ನುತ್ತಿದ್ದಳೇ ಹೊರತು ದೇವರ ಹೆಸರನ್ನು ನಾಲಗೆಯ ಮೇಲೆ ತಂದವಳಲ್ಲ.

ಪ್ಯಾಕಿಂಗ್ ವಿಭಾಗದ ರಜಿಸ್ಟರ್ ಬಂದ ದಿನ ಓದುವ ಸರದಿ ಭೂದೇವಿಯದು. ಅವಳು ಹಿಂದಿನ ದಿನದಿಂದಲೇ ಹೆದರಿಕೊಂಡಿದ್ದಳು. ಆ ಸಾಲು ಬಂದಾಗ ಸರದಿ ಬದಲಿಸಿಕೊಂಡರಾಯಿತು, ಬಾಲರಾಜನಿಗೆ 'ನೀ ಓದಪ್ಪ, ನಾ ಒತ್ತೀನಿ' ಎಂದರಾಯಿತು, ಪರದೆಯಿಂದ ಓದುವುದನ್ನೂ ಅವನಿಗೇ ಬಿಟ್ಟರಾಯಿತು ಎಂದುಕೊಂಡಿದ್ದಳು. ಬೆರಳಿಗೆ ಅಡ್ಡಿಯಿಲ್ಲ, ನಾಲಗೆಗೆ ಮಾತ್ರ. ಆದರೆ ಆ ಹೊತ್ತಿಗೆ ಸರಿಯಾಗಿ ಧರ್ಮಣ್ಣ ಸಾಹೇಬರು ಹಿಂದೆ ಬಂದು ನಿಂತರು. ಹೈದರಾಬಾದಿನಿಂದ ಬಂದಿದ್ದ ದೊಡ್ಡ ಅಧಿಕಾರಿಯೊಬ್ಬರು ಅವರ ಪಕ್ಕದಲ್ಲಿದ್ದರು. ಕೆಲಸ ಹೇಗೆ ನಡೆಯುತ್ತದೆಂದು ಅವರಿಗೆ ತೋರಿಸಬೇಕಾಗಿತ್ತು.

ಭೂದೇವಿ ಓದುತ್ತ ಹೋದಳು. ಕಣ್ಣಿನ ತುದಿಗೆ ಕೆಳಗಿನ ಸಾಲು ಕಾಣುತ್ತಿತ್ತು: ತುಳಸಿರಾಮ, ತಂದೆ ವಿಠೋಬಾ. ಒಂದೇ ಸಾಲಿನಲ್ಲಿ ಇಬ್ಬರೂ. ಬಾಯಿ ತೆರೆದರೆ ಗಂಡನ ಆಯುಷ್ಯ, ಸುಮ್ಮನಿದ್ದರೆ ಹಿಂದಿನಿಂದ ಸಾಹೇಬರ ಕಣ್ಣು. ಮೇಲಿನ ಸಾಲು ಮುಗಿಯಿತು. ಅವಳು ಆ ಸಾಲಿನ ಮೇಲಿಂದ ಹಾರಿ ಅದರ ಮುಂದಿನದನ್ನು ಓದಿಬಿಟ್ಟಳು. ಬಾಲರಾಜ ಕೇಳಿದ್ದನ್ನು ಒತ್ತಿದ. ಪರದೆಯಿಂದ ತಿರುಗಿ ಓದುವಾಗ ಅಲ್ಲಿಲ್ಲದ ಹೆಸರನ್ನು ಅವನು ಓದುವುದಾದರೂ ಹೇಗೆ? ಇವಳ ಪೆನ್ನು ಆ ಸಾಲಿನ ಮುಂದೆ ಬಂದು ನಿಂತಿತು. ಖಾಲಿ ಬಿಟ್ಟರೆ ಬೆನ್ನ ಹಿಂದಿನವರಿಗೆ ಕಾಣುತ್ತದೆ. ಅವಳು ಅಲ್ಲಿಯೂ ಒಂದು ಗೀಟು ಎಳೆದಳು.

ಊಟದ ಹೊತ್ತಿಗೆ ಯಾರೂ ಇಲ್ಲದಾಗ ತಾನೇ ಒತ್ತಿ ಸೇರಿಸಿಬಿಡುತ್ತೇನೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಆದರೆ ಊಟದ ಹೊತ್ತಿಗೆ ಮುಂಚೆಯೇ ದೊಡ್ಡ ಅಧಿಕಾರಿ ತಲೆದೂಗಿದರು, ಧರ್ಮಣ್ಣ ಸಾಹೇಬರು ಸಂತೋಷದಿಂದ ಡಿಸ್ಕ್ ತೆಗೆದು ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡು ಬೀಗದ ಕೈಯನ್ನು ಜೇಬಿಗೆ ಸೇರಿಸಿದರು. ಇನ್ನು ಅದು ಹೊರಗೆ ಬರುವುದು ಕಾರ್ಡು ಅಚ್ಚು ಹಾಕಲು. ಆ ಕೆಲಸ ಸಾಹೇಬರು ತಾವೇ ನಿಂತು ಮಾಡಿಸುವವರು.

ಆಮೇಲಿನ ದಿನಗಳನ್ನು ಭೂದೇವಿ ಹೇಗೆ ಕಳೆದಳೋ ಅವಳಿಗೇ ಗೊತ್ತು. ರೊಟ್ಟಿ ತಟ್ಟುವಾಗ ಕೈ ನಿಂತುಬಿಡುತ್ತಿತ್ತು, ಹಂಚಿನ ಮೇಲಿನದು ಸೀದು ಕರಿಯಾಗುತ್ತಿತ್ತು. ಹೇಳಬೇಕು ಎಂದುಕೊಂಡು ಸಾಹೇಬರ ಮೇಜಿನವರೆಗೆ ಹೋಗಿ, ಅವರು ತಲೆ ಎತ್ತಿ ನೋಡಿದರೆ 'ಏನಿಲ್ರಿ' ಎಂದು ತಿರುಗಿ ಬರುತ್ತಿದ್ದಳು. ಗಂಡನಿಗೆ ಹೇಳಲು ಹೋದರೆ ಅವನು ಮೊದಲೇ ಬೇರೆ ಮಾತು ಆಡುತ್ತಿದ್ದ.

“ನಮ್ಮ ಪ್ಯಾಕಿಂಗಿನ ಮಂದಿ ಅಂಜ್ಲಾಕತ್ತಾರ. ಮಿಷನ್ ಬಂತಂದ್ರ ಮಂದೀನ ತೆಗೀತದ ಅಂತಾರ. ನಾ ಹೇಳ್ದೆ, ಒಳಗ ನಮ್ಮಾಕಿ ಕುಂತಾಳ, ಗಲತ್ ಆಗಾಕ ಬಿಡ್ತಾಳೇನ್ರೋ ಅಂತ.”

ಭೂದೇವಿ ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು.

ತಿಂಗಳ ಮೊದಲ ದಿನ ಗೇಟಿನಲ್ಲಿ ಹೊಸ ಕಾರ್ಡು ಹಂಚಿದರು. ಎಲ್ಲರ ಹೆಸರೂ ಕೂಗಿ ಮುಗಿಯಿತು. ತುಳಸಿರಾಮನದು ಬರಲಿಲ್ಲ. ಕಾರ್ಡಿಲ್ಲದವನನ್ನು ಬಿಡಬೇಡಿ ಎಂದು ಅಪ್ಪಣೆಯಾಗಿತ್ತು, ಗೇಟಿನವನು ಅವನನ್ನು ಹೊರಗೆ ನಿಲ್ಲಿಸಿದ. ಒಬ್ಬನೇ ಒಬ್ಬ ಹೊರಗುಳಿದದ್ದು ಕಂಡು ಮಂದಿಯ ಎದೆಯಲ್ಲಿ ಅಡಗಿದ್ದ ಭಯವೆಲ್ಲ ಒಮ್ಮೆಲೇ ಮೇಲೆ ಬಂತು. ಮಿಷನ್ ಮೊದಲನೆಯವನನ್ನು ತೆಗೆದು ಹಾಕಿದೆ, ನಾಳೆ ಯಾರ ಸರದಿಯೋ ಎಂದರು. ಕಾರ್ಡು ಸಿಕ್ಕವರೂ ಒಳಗೆ ಹೋಗಲಿಲ್ಲ. ಪ್ಯಾಕಿಂಗ್ ನಿಂತಿತು, ಲಾರಿಗಳು ರಸ್ತೆಯುದ್ದಕ್ಕೂ ಸಾಲುಗಟ್ಟಿದವು.

ಗಾಜಿನ ಕೋಣೆಯಿಂದ ಗೇಟು ಕಾಣುತ್ತಿತ್ತು. ಭೂದೇವಿ ನೋಡಿದಳು. ಅವಳ ಗಂಡ ಬುತ್ತಿ ಹಿಡಿದು ಒಂದು ಬದಿಗೆ ನಿಂತಿದ್ದ. ಯಾರೋ ಅವನ ಹೆಗಲ ಮೇಲೆ ಕೈ ಹಾಕಿ ಏನೋ ಕೇಳಿದರು. ಅವನು ಗಾಜಿನ ಕೋಣೆಯ ಕಡೆ ಬೆರಳು ತೋರಿಸಿ ತಲೆ ಅಲ್ಲಾಡಿಸಿದ. ಅವನು ಏನು ಹೇಳಿದನೆಂದು ಅವಳಿಗೆ ಕೇಳದೆಯೂ ಗೊತ್ತಾಯಿತು. ಇವತ್ತಿಗೂ ಅವನು ಅವಳ ಮೇಲೆಯೇ ಭರವಸೆ ಇಟ್ಟು ನಿಂತಿದ್ದ.

ಧರ್ಮಣ್ಣ ಸಾಹೇಬರು ಮ್ಯಾನೇಜರರ ಕೋಣೆಯಿಂದ ಬೈಗುಳ ತಿಂದು ಬಂದರು. ಅವರ ಮುಖ ಬಿಳಿಚಿತ್ತು. ರಜಿಸ್ಟರನ್ನು ಮೇಜಿನ ಮೇಲೆ ಬಿಚ್ಚಿದರು. ಹೆಸರಿತ್ತು, ಹೆಸರಿನ ಮುಂದೆ ಗೀಟು ಇತ್ತು. ಅಚ್ಚಾದ ಕಾರ್ಡುಗಳಲ್ಲಿ ಹೆಸರಿರಲಿಲ್ಲ.

“ಬಾಲರಾಜಾ,” ಎಂದರು. “ಅಕಿ ಓದ್ಯಾಳ, ಗೀಟು ಹಾಕ್ಯಾಳ. ಒತ್ತಿದಾಂವ ನೀ. ಹೆಸರು ಎಲ್ಲಿ ಹೋತು?”

“ನಾ ಕೇಳಿದ್ದೆಲ್ಲ ಒತ್ತೀನ್ರಿ ಸಾಹೇಬ್ರೆ.”

“ಹಂಗಾರ ಮಿಷನ್ ನುಂಗ್ತೇನು? ಮ್ಯಾನೇಜರ್ ಸಾಹೇಬ್ರಿಗಿ ನಾ ಒಬ್ಬರ ಹೆಸರು ಕೊಡಬೇಕು. ನೀ ನಿನ್ನ ಚಪ್ಪಲಿ ಹಾಕ್ಕೊಂಡು ಮನಿಗಿ ನಡಿ.”

ಬಾಲರಾಜ ಎದ್ದು ನಿಂತ. ಅವನು ಭೂದೇವಿಯ ಕಡೆ ನೋಡಿದ. ಅನುಮಾನದಿಂದಲ್ಲ, 'ನೀವಾದರೂ ಹೇಳಿ ಅಕ್ಕಾ' ಎಂಬಂತೆ. ಸುಮ್ಮನಿದ್ದರೆ ಕುರ್ಚಿ ಉಳಿಯುತ್ತದೆ. ಗೀಟು ಇದೆ, ಸಾಕ್ಷಿ ಅವಳ ಪರವಾಗಿದೆ. ಪೋಚಮ್ಮನ ಬೆರಳುಗಳು ಮತ್ತೆ ಕಣ್ಣ ಮುಂದೆ ಬಂದವು. ಆದರೆ ಅವುಗಳ ಪಕ್ಕದಲ್ಲಿ ಈಗ ಗೋಡೆಗೆ ಹಣೆ ತಾಗಿಸಿ ನಿಂತ ಮರೆಪ್ಪ ಮಾಸ್ತರರೂ ಇದ್ದರು. ಬಿಟ್ಟುಹೋದ ಮಾತನ್ನು ಯಾರಾದರೂ ಹೇಳುವವರೆಗೆ ಅವರು ಹಾಗೆಯೇ ನಿಂತಿರುತ್ತಿದ್ದರು.

“ಅಂವ ಒತ್ತಿಲ್ಲ, ಯಾಕಂದ್ರ ನಾ ಓದಿಲ್ರಿ,” ಎಂದಳು.

ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣದಾಗಿತ್ತು. ಧರ್ಮಣ್ಣ ಸಾಹೇಬರು “ಏನಂದಿ?” ಎಂದು ಕೇಳಿದರು. ಇನ್ನೊಮ್ಮೆ ಹೇಳಬೇಕಾಯಿತು.

“ಓದಿಲ್ರಿ. ಓದದೇನೆ ಗೀಟು ಹಾಕೀನಿ. ಮಿಷನ್ನಿಗಿ ನಾವು ಹೇಳಿದ್ದಷ್ಟೇ ಗೊತ್ತಾಗ್ತದ್ರಿ. ನಾ ಹೇಳೇ ಇಲ್ಲ. ಅವರು ನಮ್ಮನಿಯವರು ಅದಾರ.”

ಧರ್ಮಣ್ಣ ಸಾಹೇಬರು ರಜಿಸ್ಟರ್ ನೋಡಿದರು, ಗಾಜಿನಾಚೆ ಬುತ್ತಿ ಹಿಡಿದು ನಿಂತವನನ್ನು ನೋಡಿದರು, ಅವಳ ಕೊರಳ ತಾಳಿಯನ್ನು ನೋಡಿದರು. ಅವರ ಮನೆಯಾಕೆಯೂ ಆ ಕಡೆಯವಳೇ. ಮೂವತ್ತು ವರ್ಷದ ಸಂಸಾರದಲ್ಲಿ ಒಮ್ಮೆಯೂ ಅವರನ್ನು ಹೆಸರು ಹಿಡಿದು ಕರೆದಿರಲಿಲ್ಲ. ಅವರಿಗೆ ವಿವರಿಸಿ ಹೇಳುವ ಅಗತ್ಯ ಬೀಳಲಿಲ್ಲ. ಕುರ್ಚಿಯ ಮೇಲೆ ಕುಸಿದು ಕೂತು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

“ಪದ್ಧತಿ ಮಾಡಿದಾಂವ ನಾ. ನಂಗರ ಹೊಳೀಬೇಕಿತ್ತು,” ಎಂದು ತಮಗೆ ತಾವೇ ಗೊಣಗಿದರು. ಆಮೇಲೆ ಬಾಲರಾಜನಿಗೆ ಕೂರಲು ಕೈಸನ್ನೆ ಮಾಡಿ, ಬೀಗದ ಕೈ ಮೇಜಿನ ಮೇಲೆ ಹಾಕಿದರು. “ಡಿಸ್ಕ್ ತೆಗಿ. ಈಗ ಒತ್ತು.”

ಅವಳು ಒತ್ತಿದಳು. ಬಿಸಿ ಹಂಚು ಮುಟ್ಟಿದ ಹಾಗೆ, ಮುಟ್ಟಿ ಬಿಟ್ಟು, ಮುಟ್ಟಿ ಬಿಟ್ಟು. ಗಂಡನ ಹೆಸರು ಪರದೆಯ ಮೇಲೆ ಹಸಿರಾಗಿ ಮೂಡಿತು, ಹಿಂದೆಯೇ ಮಾವನದು. ಪ್ರಿಂಟರ್ ಕಿರಗುಟ್ಟಿ ಕಾರ್ಡನ್ನು ಹೊರಗೆ ತಳ್ಳಿತು. ಸಾಹೇಬರು ಅದನ್ನು ಕೈಗೆತ್ತಿಕೊಂಡರು.

“ಗೇಟಿಗಿ ಒಯ್ದು ನಾ ಓದ್ತೀನಿ. ನೀ ಬರೋದು ಬ್ಯಾಡ.”

ಅಲ್ಲಿಗೆ ಮುಗಿಯಬಹುದಿತ್ತು. ಅವಳೂ ಅದನ್ನೇ ಬಯಸಿದಳು. ಆದರೆ ಗೇಟಿನಲ್ಲಿ ಮಂದಿ ಸಾಹೇಬರ ಮಾತು ಕೇಳಲು ತಯಾರಿರಲಿಲ್ಲ. ಈಗ ಒಬ್ಬನಿಗೆ ಕೊಟ್ಟಿರಿ, ನಾಳೆ ಮಿಷನ್ ಇನ್ನೊಬ್ಬನನ್ನು ತೆಗೆದರೆ ಯಾರನ್ನು ಕೇಳೋಣ ಎಂದು ಸುತ್ತುಗಟ್ಟಿದರು. ಸಾಹೇಬರ ದನಿ ಅವರ ದನಿಯಲ್ಲಿ ಮುಳುಗಿತು. ಭೂದೇವಿ ಗಾಜಿನ ಹಿಂದೆ ನಿಂತು ಇದನ್ನೆಲ್ಲ ನೋಡಿದಳು. ಮಿಷನ್ ಯಾರನ್ನೂ ತೆಗೆದಿಲ್ಲ, ತೆಗೆದದ್ದು ತನ್ನ ಬಾಯಿ ಎಂದು ಆ ಗುಂಪಿಗೆ ಹೇಳಬಲ್ಲವಳು ಅವಳೊಬ್ಬಳೇ. ಅವಳು ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಬರಿಗಾಲಲ್ಲಿ ಕಾದ ನೆಲದ ಮೇಲೆ ನಡೆದಳು.

ಅವಳನ್ನು ಕಂಡು ಗುಂಪು ದಾರಿ ಬಿಟ್ಟಿತು. ಅವಳು ಸಾಹೇಬರ ಕೈಯಿಂದ ಕಾರ್ಡು ತೆಗೆದುಕೊಂಡಳು.

“ಮಿಷನ್ ಗಲತ್ ಮಾಡಿಲ್ರಿ. ಓದಬೇಕಾದಾಕಿ ನಾ, ನಾ ಓದ್ಲಿಲ್ಲ,” ಎಂದಳು. “ಈಗ ಓದ್ತೀನಿ.”

ಕಸ ಗುಡಿಸುವ ಹೆಂಗಸರು ಏನಾಗಲಿದೆ ಎಂದು ಎಲ್ಲರಿಗಿಂತ ಮೊದಲು ಅರ್ಥಮಾಡಿಕೊಂಡು ಬಾಯಿಗೆ ಸೆರಗು ಒತ್ತಿಕೊಂಡರು. ಭೂದೇವಿ ಗಂಡನ ಕಡೆ ನೋಡಲಿಲ್ಲ. ನೋಡಿದ್ದರೆ ಆಗುತ್ತಿರಲಿಲ್ಲ. ಕಾರ್ಡಿನ ಮೇಲಿನ ಚುಕ್ಕಿಚುಕ್ಕಿಯ ಅಕ್ಷರಗಳ ಮೇಲೆ ಕಣ್ಣಿಟ್ಟು, ಬೇರೆ ಯಾರದೋ ಹೆಸರು ಎಂಬಂತೆ ಓದಿದಳು.

“ತುಳಸಿರಾಮ. ತಂದೆ ವಿಠೋಬಾ. ಪ್ಯಾಕಿಂಗ್ ವಿಭಾಗ.”

ಗುಂಪಿನಲ್ಲಿ ಒಬ್ಬ ಮುದುಕ 'ಬಿಡ್ರೋ, ಆತು' ಎಂದ. ತುಳಸಿರಾಮ ಬಂದು ಕಾರ್ಡು ಇಸಿದುಕೊಂಡ. ಅವನ ಕಿವಿ ಕೆಂಪಾಗಿತ್ತು. ಗೇಟು ದಾಟಿ ಹೋದ. ಅವನ ಹಿಂದೆ ಉಳಿದವರೂ ಹೋದರು, ಲಾರಿಗಳು ಚಲಿಸಿದವು. ಚೀಲದ ಲಾರಿಯೊಂದು ಅವನ ತೀರಾ ಹತ್ತಿರದಿಂದ ಹಾದುಹೋದಾಗ ಭೂದೇವಿಯ ಜೀವ ಬಾಯಿಗೆ ಬಂತು. ಅವನು ಪ್ಯಾಕಿಂಗ್ ಶೆಡ್ಡಿನ ಒಳಗೆ ಮರೆಯಾಗುವವರೆಗೆ ಅವಳು ಅಲ್ಲಿಂದ ಕದಲಲಿಲ್ಲ.

ಕೋಣೆಗೆ ತಿರುಗಿ ಬಂದ ಮೇಲೆ ಅವಳು ಉಳಿದದ್ದನ್ನೂ ಹೇಳಿಬಿಟ್ಟಳು. ಹೋಗುವುದೇ ಇದ್ದರೆ ಪೂರ್ತಿ ಹೇಳಿ ಹೋಗೋಣ ಎನಿಸಿತ್ತು.

“ಎರಡು ವರ್ಷ ಅಲ್ರಿ ನಾ ಕಲ್ತದ್ದು. ಎರಡು ಭಾಗ. ಅದೂ ಬರೇ ಪರಿಚಯ.”

ಧರ್ಮಣ್ಣ ಸಾಹೇಬರು ಬಾಲರಾಜ ಹೊರಗೆ ಹೋಗಿದ್ದಾನೆಯೇ ಎಂದು ನೋಡಿಕೊಂಡು ದನಿ ತಗ್ಗಿಸಿದರು.

“ನಂದು ಎರಡು ವಾರ. ಹೈದರಾಬಾದಿಗಿ ಕಳಿಸಿದ್ರು, ಹೋಗಿ ಬಂದೆ. ಈ ಖೋಲಿಗಿ ಬರಬೇಕಂದ್ರ ದಿನಾ ನಂಗ ಎದಿ ಹೊಡ್ಕೋತದ.” ಮತ್ತೆ ದನಿ ಗಡುಸಾಯಿತು. “ಹೆಸರು ಬಿಟ್ಟಿದ್ದಕ್ಕ ಅಲ್ಲ, ಸುಳ್ಳು ಗೀಟು ಹಾಕಿದ್ದಕ್ಕ ನಿನ್ನ ಕಳಸಬೇಕು. ಖರೇ ಹೇಳಿದ್ದಕ್ಕ ಇಟ್ಕೊಳ್ಳಾಕತ್ತೀನಿ. ನಿನ್ನ ಪರೀಕ್ಷಾ ಇವತ್ತಿನಿಂದ ಮತ್ತ ಮೂರು ತಿಂಗಳು, ಮೊದಲಿಂದ. ಬಾಲರಾಜನ ಮುಂದ ನಾ ಎರಡು ವಾರ ಅಂದಿದ್ದು ಅನಬ್ಯಾಡ.”

ನೌಕರಿ ಉಳಿಯಿತು. ಆದರೂ ಬಸ್ಸಿನಲ್ಲಿ ಕೂತು ಮನೆಗೆ ಬರುವಾಗ ಅವಳಿಗೆ ಸಮಾಧಾನವಿರಲಿಲ್ಲ. ಸಾಹೇಬರ ಭಯ ಹೋಗಿ, ಆ ಜಾಗಕ್ಕೆ ಅದಕ್ಕಿಂತ ದೊಡ್ಡದು ಬಂದು ಕೂತಿತ್ತು. ಗಂಡನ ಪಾಳಿ ಇನ್ನೂ ಮುಗಿದಿರಲಿಲ್ಲ. ಚೀಲಗಳು ಮೇಲಿಂದ ಜಾರುವ ಜಾಗ ಅದು, ಲಾರಿಗಳು ಹಿಂದಕ್ಕೆ ಬರುವ ಜಾಗ. ತಾನು ಹೆಸರು ಹೇಳಿದ ದಿನವೇ ಏನಾದರೂ ಆದರೆ? ಓದಿದವಳು, ಕಂಪ್ಯೂಟರ್ ಕಲಿತವಳು ಎಂದು ತನಗೆ ತಾನೇ ಬುದ್ಧಿ ಹೇಳಿಕೊಂಡಳು. ಎದೆ ಕೇಳಲಿಲ್ಲ.

ಸುದ್ದಿ ಬಸ್ಸಿಗಿಂತ ಮೊದಲೇ ಮನೆ ಮುಟ್ಟಿತ್ತು. ಹೊತ್ತು ಮುಳುಗುವ ಸಮಯ. ಬಂಡಮ್ಮ ತುಳಸಿ ಕಟ್ಟೆಯ ಪಕ್ಕದಲ್ಲಿ, ಗೋಡೆಗೆ ಒರಗಿ ಕೂತಿದ್ದಳು. ಸೊಸೆಯನ್ನು ಕಂಡು ಏಳಲಿಲ್ಲ, ನೀರು ಕೊಡಲಿಲ್ಲ. ಭೂದೇವಿ ಅಂಗಳದಲ್ಲೇ ನಿಂತಳು.

“ಮಂದಿ ಮುಂದ ಅವನ ಹೆಸರು ತಗೊಂಡಿ ಅಂತ,” ಎಂದಳು ಬಂಡಮ್ಮ.

“ತಗೊಂಡೆ ಅತ್ತಿ.”

“ನಮ್ಮವರದು?”

“ಅದೂ ಬರದಿದ್ರು. ಓದಿದೆ.”

ಬಂಡಮ್ಮ ನೆಲ ನೋಡುತ್ತ ಕೂತಳು. ಬೈಗುಳ ಈಗ ಬರುತ್ತದೆ, ಈಗ ಬರುತ್ತದೆ ಎಂದು ಭೂದೇವಿ ಕಾದಳು.

“ನಾ ಒಂದು ದಿನಾನೂ ತಗೊಂಡಾಕಿ ಅಲ್ಲ,” ಎಂದಳು ಬಂಡಮ್ಮ ಕೊನೆಗೆ. “ದೇವರ ಹೆಸರೂ ಬಿಟ್ಟೆ. ನಾಲಿಗಿ ಬಿಗಿ ಹಿಡ್ದು ಕಾದೆ. ಖಣಿಗಿ ಹೋದಾಂವ ತಿರುಗಿ ಬರ್ಲಿಲ್ಲ. ನಾ ಕಾದಿದ್ದು ಎಲ್ಲಿ ಹೋತು?”

ಅತ್ತೆಯ ಬಾಯಲ್ಲಿ ಇಂಥ ಮಾತನ್ನು ಭೂದೇವಿ ಕೇಳಿರಲೇ ಇಲ್ಲ.

“ಅವರು ಹೋದ ಮ್ಯಾಲ ಈ ಮನ್ಯಾಗ ಆ ಹೆಸರು ಯಾರೂ ಅಂದಿಲ್ಲ. ನಾ ಅನ್ನಂಗಿಲ್ಲ. ಮಗ ಅಪ್ಪಾ ಅಂತಾನ. ನೀ ಮಾವ ಅಂತಿ. ಕಿವ್ಯಾಗ ಬಿದ್ದು ಎಷ್ಟು ವರ್ಷ ಆತೋ.” ಬಂಡಮ್ಮ ತಲೆಯೆತ್ತಿದಳು. “ಅಲ್ಲಿ ಹ್ಯಾಂಗ ಓದಿದಿ, ಹಾಂಗ ಒಮ್ಮೆ ಓದವ್ವಾ. ನಾ ಕೇಳ್ತೀನಿ.”

ಭೂದೇವಿಯ ಕೈಯಲ್ಲಿ ಕಾರ್ಡಿರಲಿಲ್ಲ. ಇದ್ದ ಹಾಗೆ ಅಂಗೈ ಮುಂದೆ ಹಿಡಿದು, ಮೆಲ್ಲಗೆ ಓದಿದಳು.

“ತುಳಸಿರಾಮ. ತಂದೆ ವಿಠೋಬಾ.”

ಮುದುಕಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಸೆರಗಿನ ಒಳಗಿನಿಂದಲೇ ಹೇಳಿದಳು.

“ಇನ್ನೊಮ್ಮೆ. ಜರಾ ಗಟ್ಟಿ.”

ಭೂದೇವಿ ಗಟ್ಟಿಯಾಗಿ ಓದಿದಳು. ಓಣಿಯಲ್ಲಿ ಸೈಕಲ್ಲಿನಿಂದ ಇಳಿಯುತ್ತಿದ್ದವನಿಗೆ ಯಾರೋ ತನ್ನನ್ನು ಕರೆದ ಹಾಗೆ ಕೇಳಿಸಿರಬೇಕು.

“ಬಂದೆ, ಬಂದೆ,” ಎಂದು ಅಲ್ಲಿಂದಲೇ ಓಗೊಟ್ಟ ತುಳಸಿರಾಮ.